ಚಕ್ರದಡಿಯ ಯುಜು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಇಡಲೆಂದು ಮಾಡಿದ ಆರು ಗುಳಿಗಳಿವೆ. ಮೊಟ್ಟೆ ಹೊಸಿಲು ದಾಟದ ಮನೆಯಾದ್ದರಿಂದ ಅತ್ತೆ ಅಲ್ಲಿ ನಿಂಬೆಹಣ್ಣು ಕೂರಿಸುತ್ತಾರೆ. ಹೋದ ಚಳಿಗಾಲ ಅದರ ಕೊನೆಯ ಗುಳಿಯಲ್ಲಿ ಎಂಟು ದಿನ ಕೂತಿದ್ದ ಪರದೇಶದ ಹಣ್ಣೊಂದರ ಕತೆಯನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಅದರ ಹೆಸರು ಯುಜು, ನಿಂಬೆಯ ಜಾತಿಯದು. ನೋಡಲು ರೂಪವತಿಯೇನಲ್ಲ, ಉಬ್ಬುತಗ್ಗಿನ ಹಳದಿ ಸಿಪ್ಪೆ, ಹಿಂಡಿದರೆ ನಾಲ್ಕು ಹನಿ ರಸ, ಉಳಿದದ್ದೆಲ್ಲ ಬೀಜ. ಇರುವ ಗುಣವೆಲ್ಲ ಪರಿಮಳದಲ್ಲಿ. ಮದುವೆಗೆ ಮುಂಚೆ ಜಪಾನಿನ ಪುಟ್ಟ ಊರೊಂದರಲ್ಲಿ ಎರಡು ವರ್ಷ ವೃದ್ಧರ ಆರೈಕೆಯ ಕೆಲಸ ಮಾಡುತ್ತಿದ್ದಾಗ, ನಾನು ಬಾಡಿಗೆಗಿದ್ದ ಮನೆಯ ಅಜ್ಜಿಯ ಹಿತ್ತಲಲ್ಲಿ ಈ ಗಿಡವಿತ್ತು. ಸಾರಿನ ಬಟ್ಟಲಿನ ಮುಚ್ಚಳ ತೆಗೆದರೆ ಆವಿಯೊಂದಿಗೆ ಮೊದಲು ಬರುತ್ತಿದ್ದುದು, ಉಗುರಿನಷ್ಟೇ ತೇಲುತ್ತಿದ್ದ ಅದರ ಸಿಪ್ಪೆಯ ಘಮ. ನಾನು ಚಳಿಗೆ ಬೆರಳು ಸೆಟೆದು ಬಂದ ಸಂಜೆಗಳಲ್ಲಿ ಅಜ್ಜಿ ಜೇನಿನಲ್ಲಿ ನೆನೆದ ಸಿಪ್ಪೆಗೆ ಬಿಸಿನೀರು ಹೊಯ್ದು ಕೊಡುತ್ತಿದ್ದಳು. ವರ್ಷದ ಅತಿ ಸಣ್ಣ ಹಗಲಿನಂದು ಸ್ನಾನದ ತೊಟ್ಟಿಯಲ್ಲಿ ಇಡೀ ಹಣ್ಣುಗಳನ್ನೇ ತೇಲಿಬಿಡುತ್ತಿದ್ದಳು. ಬಳ್ಳಾರಿಯ ಬಿಸಿಲಲ್ಲಿ ಬೆಳೆದ ನನಗೆ ಚಳಿಯೆಂದರೇನೆಂದು ಕಲಿಸಿದ್ದು ಆ ಊರು, ಅದನ್ನು ತಾಳಲು ಕಲಿಸಿದ್ದು ಆ ಅಜ್ಜಿ.

ಅಲ್ಲಿ ಜೊತೆಗೆ ದುಡಿದ ಗೆಳತಿ ರಜೆಗೆ ಬಂದಾಗ ಕಾಲುಚೀಲದಲ್ಲಿ ಸುತ್ತಿ ಒಂದು ಯುಜು ತಂದುಕೊಟ್ಟಳು. ಅಜ್ಜಿ ತೀರಿಹೋದ ಸುದ್ದಿಯನ್ನೂ ತಂದಿದ್ದಳು. ಗಿಡವನ್ನು ಕಡಿದರಂತೆ, ಕಡಿಯುವ ಮುನ್ನ ಕಿತ್ತ ಹಣ್ಣಿದು. ಇದೇ ಕೊನೆಯದು ಎಂದಮೇಲೆ ಕೊಯ್ಯಲು ಕೈ ಬರುತ್ತದೆಯೇ ಹೇಳಿ. ದಿನಕ್ಕೊಮ್ಮೆ ತೆಗೆದು ಮೂಸುವುದು, ನಾಳೆ ಕೊಯ್ದರಾಯಿತೆಂದು ಮತ್ತೆ ಇಡುವುದು. ಅತ್ತೆಗೂ ಹೇಳಲಿಲ್ಲ. ಸೊಸೆಯಾಗಿ ಬಂದ ಮನೆಯಲ್ಲಿ ಕೂತು ಬೇರೊಂದು ಮನೆಗೆ ಹಂಬಲಿಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳುವುದು ಸಲೀಸಲ್ಲ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಂದು ನಮ್ಮ ಸತ್ಯನಾರಾಯಣಪೇಟೆಯ ಓಣಿಯಲ್ಲಿ ಗಾಡಿಗಳಿಗೆಲ್ಲ ಪೂಜೆ. ಅತ್ತೆ ನನ್ನ ಸ್ಕೂಟಿಗೆ ಕುಂಕುಮ ಹಚ್ಚಿ, ಚಕ್ರಗಳಡಿ ಒಂದೊಂದು ಹಣ್ಣಿಟ್ಟು, "ಹತ್ತವ್ವಾ, ಮುಂದಕ್ಕ ಬಿಡು" ಎಂದರು. ಬಿಟ್ಟೆ. ಪಟ್ಟೆಂದಿತು. ಮರುಕ್ಷಣ ಧೂಳು, ಊದುಬತ್ತಿ, ಪೆಟ್ರೋಲು ಎಲ್ಲವನ್ನೂ ಹಿಂದಿಕ್ಕಿ ಅಜ್ಜಿಯ ಅಡುಗೆಮನೆ ಓಣಿಗೇ ಬಂದುಬಿಟ್ಟಿತು.

"ಅತ್ತೀ, ಆ ಹಣ್ಣು ಯಾಕ ತಗೊಂಡ್ರಿ?"

"ನಿಂಬಿ ಒಂದ ಇತ್ತು. ಇದು ಸುಕ್ಕಾಗಿ ಕುಂತಿತ್ತು, ಕೆಡತೈತಿ ಅಂತ ತಗೊಂಡ್ನಿ. ಯಾಕವ್ವಾ, ಅಳಾಕತ್ತಿ?"

ನಡುಓಣಿಯಲ್ಲೇ ಎಲ್ಲವನ್ನೂ ಹೇಳಿ, ಹಣ್ಣೆತ್ತಲು ಬಾಗಿದೆ. ಅತ್ತೆ ಗಪ್ಪನೆ ಕೈ ಹಿಡಿದರು. ದೃಷ್ಟಿ ತೆಗೆದ ಹಣ್ಣನ್ನು ಮುಟ್ಟುವುದಿರಲಿ, ದಾಟಲೂ ನಮ್ಮಲ್ಲಿ ಹೆದರುತ್ತಾರೆ.

"ನೀ ಮುಟ್ಟಬ್ಯಾಡ, ದಿನಾ ಗಾಡಿ ಮ್ಯಾಲೆ ಅಡ್ಡಾಡಾಕಿ. ನಾ ತಗೋತೀನಿ. ಈ ವಯಸ್ಸಿನ್ಯಾಗ ನನಗ್ಯಾರ ದೃಷ್ಟಿ ತಾಗತೈತಿ?"

ಹೀಗೆಂದವರೇ ಹಣ್ಣನ್ನು ನಲ್ಲಿಯಡಿ ಮೂರು ಸಲ ತೊಳೆದು, ಮಣ್ಣು ತಾಗದ ಕಡೆಯ ಸಿಪ್ಪೆಯನ್ನು ತುರಿದು, ಮಧ್ಯಾಹ್ನದ ಬೇಳೆಸಾರಿಗೆ ಉದುರಿಸಿದರು. ದೇಶನೂರಿನ ಅಕ್ಕಿಯ ಬಿಸಿ ಅನ್ನದ ಮೇಲೆ ಆ ಸಾರು. ಮೊದಲ ತುತ್ತಿಗೇ ಅವರ ಕೈ ನಿಂತಿತು.

"ನಮ್ಮ ಕುರುಗೋಡ ತೋಟದಾಗ, ಬಾವಿ ಕಡೆ, ಒಂದು ಹೇರಳಿಕಾಯಿ ಗಿಡ ಇತ್ತು. ಹಿಂಗ ಘಮ್ ಅಂತಿತ್ತು. ಈ ಮನಿಗೆ ಬಂದ ಮ್ಯಾಲೆ ಯಾರ ಮುಂದೂ ಅದರ ಮಾತ ತಗದಿಲ್ಲ ನೋಡು."

ಬಸ್ಸು ಹತ್ತಿದರೆ ಒಂದು ತಾಸಿನ ತವರೂರು ಕುರುಗೋಡು ಅವರಿಗೆ ನನ್ನ ಜಪಾನಿಗಿಂತ ದೂರವಿತ್ತೆಂದು ಅಂದು ತಿಳಿಯಿತು. ಇಬ್ಬರೂ ಬಟ್ಟಲಲ್ಲಿ ಹನಿ ಉಳಿಸದೆ ಉಂಡೆವು.

ಮೂಸಿದ ಹೂ ದೇವರಿಗೆ ಬಾರದೆಂದು, ನಾನು ಸೊಸೆಯಾಗಿ ಬಂದ ವರ್ಷವೇ ನನ್ನನ್ನು ಗದರಿದವರು ಅತ್ತೆ. ಈಗ ಅಮಾವಾಸ್ಯೆಯಂದು ಫ್ರಿಜ್ಜಿನ ಗುಳಿಯಿಂದ ನಿಂಬೆ ತೆಗೆದು, ಚಕ್ರದಡಿ ಇಡುವ ಮೊದಲು ತಾವೊಮ್ಮೆ ಮೂಸಿ ನನ್ನ ಮೂಗಿಗೂ ಹಿಡಿಯುತ್ತಾರೆ.

"ನಿಂಬೀನ ಐತ್ರಿ" ಎನ್ನುತ್ತೇನೆ.

"ಹೂಂ, ನಿಂಬೀನ" ಎನ್ನುತ್ತಾರೆ.

ಗಾಡಿ ಮುಂದಕ್ಕೆ ಬಿಡುತ್ತೇನೆ.