ಅರ್ಜಿಯಲ್ಲಿ ನಾನು ಬರೆದ ಹುದ್ದೆ

ಆಗಸ್ಟ್ 10, ಭಾನುವಾರ. ಬರೆಯಲು ಕೂತಾಗ ಬೆಳಿಗ್ಗೆ 10.20.

ಬಂಟ್ವಾಳದ ನನ್ನ ಬಾಡಿಗೆ ಕೋಣೆಯಲ್ಲಿ ಹಳೆಯ ಡೈರಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸುತ್ತಿದ್ದೆ. ಪಿಯುಸಿ ವರ್ಷದ ಡೈರಿಯಿಂದ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಮಡಚಿದ ತುಂಡೊಂದು ಜಾರಿ ಬಿತ್ತು. ಬಣ್ಣ ಹಳದಿಗೆ ತಿರುಗಿದೆ. ಕತ್ತರಿಸಿದ ಅಂಚು ಒಂದೂ ಹೊರಗೆ ಕಾಣುವುದಿಲ್ಲ. ನೂಲು ಬಿಟ್ಟು ಗಾಯಕ್ಕೆ ಅಂಟಬಾರದೆಂದು ಎಲ್ಲವನ್ನೂ ಒಳಗೆ ಸೇರಿಸಿ ಮಡಚಿದ್ದು. ಹಾಗೆ ಮಡಚುತ್ತಿದ್ದವರು ನಮ್ಮೂರು ಬೆಳುವಾಯಿಯ ಕ್ಲಿನಿಕ್ಕಿನ ಅಕ್ಕ...

ಆ ಸಣ್ಣ ಕ್ಲಿನಿಕ್ಕಿನಲ್ಲಿ ಅವರು ಹತ್ತೊಂಬತ್ತು ವರ್ಷ ಇದ್ದರು. ಚೀಟಿ ಕೊಡುವುದು, ಜ್ವರ ನೋಡುವುದು, ಗಾಯ ತೊಳೆದು ಕಟ್ಟುವುದು ಅವರ ಕೆಲಸ. ಊರಿಗೆಲ್ಲ ಅವರು ಸಿಸ್ಟರ್. ಬೈಕಿನ ಸೈಲೆನ್ಸರ್ ತಾಗಿ ನನ್ನ ಕಾಲು ಸುಟ್ಟ ಆ ಪಿಯುಸಿ ವರ್ಷದ ಡೈರಿಯಲ್ಲಿ ಹೀಗೆ ಬರೆದಿಟ್ಟಿದ್ದೇನೆ: ಡ್ರೆಸ್ಸಿಂಗ್ 17, ಅಕ್ಕ. ಇಂಜೆಕ್ಷನ್ 2, ಡಾಕ್ಟರು.

“ಗಾಯ ಒಣಗಿತು, ನಿನ್ನ ಲೆಕ್ಕ ಒಣಗುವ ಅಂದಾಜಿಲ್ಲ ಮಾರಾಯ್ತಿ,” ಎಂದು ಅಕ್ಕ ನಗುತ್ತಿದ್ದರು.

ಡಾಕ್ಟರ ಕೈ ಭಾರ, ಇಂಜೆಕ್ಷನನ್ನೂ ನೀವೇ ಕೊಡಿ ಎಂದು ಒಮ್ಮೆ ಕೇಳಿದ್ದೆ. “ನಾನು ನರ್ಸ್ ಅಲ್ಲ. ಅದು ಕಲಿತವರ ಕೆಲಸ,” ಎಂದರು. ಅದನ್ನು ನಾನು ವಿನಯವೆಂದು ತಿಳಿದೆ.

ಡಾಕ್ಟರು ತೀರಿಕೊಂಡ ಮೇಲೆ ಕ್ಲಿನಿಕ್ ಮುಚ್ಚಿತು. ಅಕ್ಕನಿಗೆ ಬೇರೆ ಆಧಾರ ಇರಲಿಲ್ಲ. ಮೂಡುಬಿದಿರೆಯ ಒಂದು ಆಸ್ಪತ್ರೆ ನರ್ಸ್‌ಗಳನ್ನೂ ವಾರ್ಡಿನ ಸಹಾಯಕಿಯರನ್ನೂ ಕರೆದಿತ್ತು. ನನ್ನ ಅಕ್ಷರ ಚಂದವೆಂದು ಅವರು ಅರ್ಜಿ ಹಿಡಿದು ನಮ್ಮ ಮನೆಗೆ ಬಂದರು.

“ಸಹಾಯಕಿ ಅಂತ ಬರಿ ಆಯ್ತಾ?”

“ಊರಿಡೀ ಸಿಸ್ಟರ್ ಅಂತದೆ. ನೀವೊಬ್ರು ಅಲ್ಲ ಅಂದ್ರೆ ಆಗ್ತದಾ ಅಕ್ಕ?”

ಅವರು ಓದಿ ನೋಡಲಿಲ್ಲ, ಸಹಿ ಮಾಡಿದರು. ಹುದ್ದೆಯ ಜಾಗದಲ್ಲಿ ನಾನು ‘ನರ್ಸ್, 19 ವರ್ಷ ಅನುಭವ’ ಎಂದು ಬರೆದಿದ್ದೆ. ಉಪಕಾರ ಮಾಡಿದೆನೆಂದೇ ಅಂದುಕೊಂಡಿದ್ದೆ.

ಸಂದರ್ಶನದಲ್ಲಿ ಅವರ ನೋಂದಣಿ ಸಂಖ್ಯೆ ಕೇಳಿದರಂತೆ. ತಾನು ನರ್ಸ್ ಅಲ್ಲ ಎಂದರಂತೆ ಅಕ್ಕ. ಹಾಗಾದರೆ ಇಲ್ಲಿ ಬರೆದಿರುವುದು ಏನು ಎಂದು ಅರ್ಜಿಯನ್ನು ಅವರ ಕಡೆಗೆ ತಿರುಗಿಸಿದರಂತೆ. ಸುಳ್ಳು ಬರೆದವರನ್ನು ರೋಗಿಗಳ ಹತ್ತಿರ ಬಿಡುವುದು ಹೇಗೆ ಎಂದರಂತೆ. ಸಹಾಯಕಿಯ ಕೆಲಸವೂ ಸಿಗಲಿಲ್ಲ. ಬರೆದದ್ದು ಯಾರೆಂದು ಅಕ್ಕ ಅಲ್ಲಿ ಹೇಳಲಿಲ್ಲ.

ಸಂಜೆ ನಾನು ಕೇಳಿದಾಗ ಇಷ್ಟನ್ನೂ ಹೇಳಿ, “ಅಕ್ಷರ ಮಾತ್ರ ಚಂದ ಉಂಟು ಅಂದ್ರು,” ಎಂದರು. ಆ ತಿಂಗಳ ಕೊನೆಗೆ, ಎಲ್ಲಿಗೆಂದು ಹೇಳದೆ, ಬೆಳುವಾಯಿಯ ತಮ್ಮ ಬಾಡಿಗೆ ಕೋಣೆ ಬಿಟ್ಟು ಹೋದರು.

ಮುಂದೆ ನಾನೇ ನರ್ಸಿಂಗ್ ಸೇರಿದೆ. ಮೂರು ವರ್ಷ ಓದಿ, ಪರೀಕ್ಷೆ ಪಾಸಾಗಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ನರ್ಸ್. ಮದ್ದು, ಸೂಜಿಗಳಿಗೆ ಅವರೇ ಉತ್ತರ ಹೇಳಬೇಕು. ಸಹಾಯಕಿ ಹಾಸಿಗೆ ಬದಲಿಸುತ್ತಾಳೆ, ರೋಗಿಯನ್ನು ಎಬ್ಬಿಸಿ ಕೂರಿಸುತ್ತಾಳೆ, ಸಾಮಾನು ಸಿದ್ಧ ಮಾಡುತ್ತಾಳೆ. ಇದನ್ನು ತರಗತಿಯಲ್ಲಿ ಹೇಳಿದ ದಿನದ ಡೈರಿಯಲ್ಲಿ ಒಂದೇ ಸಾಲು ಇದೆ: ‘ಅಕ್ಕನಿಗೆ ಇದು ಗೊತ್ತಿತ್ತು.’ ಆ ಗೆರೆಯನ್ನು ಹತ್ತೊಂಬತ್ತು ವರ್ಷ ದಾಟದೆ ನಿಂತವರನ್ನು ಒಂದು ಪದದಿಂದ ನಾನು ದಾಟಿಸಿದ್ದೆ...

ಅಕ್ಕನನ್ನು ಹುಡುಕಿದ್ದು ಮೂರು ಸಲ. ಪುತ್ತಿಗೆಗೆ ಒಮ್ಮೆ, ಬೆಳ್ತಂಗಡಿಗೆ ಎರಡು ಸಲ. ಚಾರ್ಮಾಡಿಯ ಕಡೆ ಯಾರದೋ ಮನೆಯಲ್ಲಿ ರೋಗಿ ನೋಡಿಕೊಳ್ಳುತ್ತಿದ್ದರು ಎಂದರು ಒಬ್ಬರು. ಯಾವ ಮನೆ ಎಂದು ಅವರಿಗೂ ತಿಳಿಯದು. ಸಿಗುತ್ತಾರೆಂದು ಈಗ ನನಗೆ ಅನಿಸುವುದಿಲ್ಲ. ಸಿಕ್ಕರೂ ಹತ್ತೊಂಬತ್ತು ವರ್ಷದ ಒಳ್ಳೆಯ ಹೆಸರನ್ನು ಹಿಂದೆ ಕೊಡಲು ನನ್ನ ಕೈಯಲ್ಲಿ ಏನೂ ಇಲ್ಲ.

ಗಾಜ್ ತುಂಡನ್ನು ಆ ಡ್ರೆಸ್ಸಿಂಗ್ ಲೆಕ್ಕದ ಪುಟದಲ್ಲಿ ಇಟ್ಟಿದ್ದೇನೆ. ಅಂಚುಗಳನ್ನು ಒಳಗೆ ಮಡಚಿ ಗಾಯ ಕಟ್ಟುವ ಹೆಂಗಸನ್ನು ಇದನ್ನು ಓದುವ ನೀವು ಚಾರ್ಮಾಡಿಯ ಕಡೆ ಎಲ್ಲಿಯಾದರೂ ಕಂಡಿದ್ದರೆ ದಯವಿಟ್ಟು ನನಗೆ ಎರಡು ಸಾಲು ಬರೆಯಿರಿ. ಸಿಸ್ಟರ್ ಎಂದು ಕೂಗಿ ಹುಡುಕಬೇಡಿ. ಆ ಹೆಸರಿಗೆ ಅವರು ಇನ್ನು ತಿರುಗಿ ನೋಡಲಿಕ್ಕಿಲ್ಲ.