ಅಮೀನರ ಒಂದೇ ಕೆಂಪು ಸಾಲು

ನಮ್ಮ ನ್ಯಾಯಾಲಯದ ಅಮೀನರನ್ನು ಎದುರಿಗೆ ‘ಅಮೀನ್ರೇ’ ಎಂದೂ ಬೆನ್ನ ಹಿಂದೆ ‘ಉಡ’ ಎಂದೂ ಕರೆಯುತ್ತಿದ್ದೆವು. ನ್ಯಾಯಾಧೀಶರು ಬರೆದದ್ದನ್ನು ಜನರ ಮನೆಬಾಗಿಲಿಗೆ ಒಯ್ದು ಜಾರಿ ಮಾಡುವುದು ಅವರ ಕೆಲಸ. ಹಿಡಿದರೆ ಉಡದ ಪಟ್ಟು. ಮೂವತ್ತೊಂದು ವರ್ಷದಲ್ಲಿ ಒಂದು ಆದೇಶವನ್ನೂ ಜಾರಿಯಾಗದೆ ವಾಪಸು ತಂದವರಲ್ಲ. ಜಾರಿಯಾದದ್ದನ್ನು ನೀಲಿ ಶಾಯಿಯಲ್ಲೂ ಆಗದ್ದನ್ನು ಕೆಂಪಿನಲ್ಲೂ ಬರೆಯುವ ರಿಜಿಸ್ಟರು ನನ್ನ ಮೇಜಿನ ಮೇಲಿತ್ತು. ಅವರ ಪುಟಗಳಲ್ಲಿ ಕೆಂಪು ಇರಲೇ ಇಲ್ಲ. ಇದನ್ನು ಅವರೂ ಮರೆಯುತ್ತಿರಲಿಲ್ಲ, ನಮಗೂ ಮರೆಯಲು ಬಿಡುತ್ತಿರಲಿಲ್ಲ.

ನಿವೃತ್ತಿಗೆ ಮೂರು ವಾರವಿದ್ದಾಗ ಹೊಲಿಗೆ ಯಂತ್ರದ ಆದೇಶ ಬಂತು.

ಒಬ್ಬ ಹೆಂಗಸು ಒಂದು ಪರದೇಶದ ರಾಯಭಾರ ಕಚೇರಿಯಲ್ಲಿ ಒಂಬತ್ತು ವರ್ಷ ಪರದೆ, ದಿಂಬಿನ ಚೀಲ, ಕಾವಲುಗಾರರ ಸಮವಸ್ತ್ರ ಹೊಲಿದಿದ್ದಳು. ಯಂತ್ರ ಅವಳದೇ, ತಾಯಿಯಿಂದ ಬಂದದ್ದು. ಒಂದು ಬೆಳಿಗ್ಗೆ ಗೇಟಿನಲ್ಲೇ ಕೆಲಸ ಹೋಯಿತು, ಯಂತ್ರ ಒಳಗೇ ಉಳಿಯಿತು. ಕೇಳಿದರೆ, ಒಳಗಿರುವುದೆಲ್ಲ ನಮ್ಮ ದೇಶದ ಸ್ವತ್ತು, ನಮ್ಮ ದೇಶವನ್ನು ನಿಮ್ಮ ನ್ಯಾಯಾಲಯ ಪ್ರಶ್ನಿಸುವಂತಿಲ್ಲ ಎಂಬ ಉತ್ತರ. ಅವಳಿಗೆ ಗೊತ್ತಿದ್ದ ಕಸುಬು ಅದೊಂದೇ. ಎರಡು ವರ್ಷ ಕೈಸೂಜಿಯಲ್ಲಿ ಗುಂಡಿ ಹಾಕುತ್ತ ಕೇಸು ನಡೆಸಿದಳು.

ನ್ಯಾಯಾಧೀಶರು ನಲವತ್ತೆರಡು ಪುಟ ಬರೆದರು. ದೇಶದೇಶಗಳು ತಮ್ಮತಮ್ಮಲ್ಲಿ ಪಾಲಿಸಿಕೊಂಡು ಬಂದ ಕಾನೂನು ನಮ್ಮ ನ್ಯಾಯಾಲಯಕ್ಕೂ ಕಾನೂನೇ; ಆದರೆ ಪರದೆ ಹೊಲಿಸುವುದು ರಾಜ್ಯಭಾರವಲ್ಲ, ಯಾರು ಬೇಕಾದರೂ ಮಾಡುವ ವ್ಯವಹಾರ; ಆದ್ದರಿಂದ ಯಂತ್ರ ಹಿಂದಿರುಗಿಸಬೇಕು. ಇದು ನಲವತ್ತೊಂದನೆಯ ಪುಟ. ಅದೇ ಕಾನೂನಿನ ಪ್ರಕಾರ, ಅವರ ಒಪ್ಪಿಗೆಯಿಲ್ಲದೆ ನಮ್ಮ ಸಿಬ್ಬಂದಿ ಅವರ ಗೇಟು ದಾಟಕೂಡದು. ಇದು ನಲವತ್ತೆರಡನೆಯದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಲು ಅಮೀನರ ಕೈಗೆ ಬಂತು.

“ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋ ಹಾಗಾಯ್ತಲ್ಲಣ್ಣ,” ಎಂದಳು ಹೊಲಿಗೆಯಾಕೆ.

“ಪೂಜಾರೀನ ನಾನು ನೋಡ್ಕೋತೀನಿ, ಬಾರಮ್ಮ,” ಎಂದರು ಅಮೀನರು.

ಗೇಟಿನ ಬುಡದಲ್ಲಿ ಒಂದು ಬಿಳಿ ಗೆರೆ. ಅಮೀನರು ಅದರಿಂದ ಒಂದು ಗೇಣು ಈಚೆ ನಿಂತು, ಆದೇಶವನ್ನು ಗಟ್ಟಿಯಾಗಿ ಓದಿ, ಕಾವಲುಗಾರನತ್ತ ಚಾಚಿದರು. ಅವನು ಕೈ ಕಟ್ಟಿಕೊಂಡ. ಪಕ್ಕದ ಕೋಣೆಯ ಕಿಟಕಿಯಲ್ಲಿ ಯಂತ್ರ ಕಾಣುತ್ತಿತ್ತು, ಅದರ ಮೇಲೆ ಅವಳೇ ಹೊಲಿದ ಹೂವಿನ ಮುಸುಕು. ಸಂಜೆ ನನಗೆ ವರದಿ ಬಂತು: ‘ಹೋದೆ. ಗೇಟು ಮುಚ್ಚಿತ್ತು. ಯಂತ್ರ ಕಾಣುತ್ತದೆ. ಮತ್ತೆ ಹೋಗುವೆ.’

ಇಂಥವು ಹನ್ನೊಂದು ಬಂದವು. ಐದನೆಯದರಲ್ಲಿ ‘ಮುಸುಕಿನ ಮೇಲೆ ಧೂಳು’ ಎಂಬ ಹೆಚ್ಚಿನ ಮಾಹಿತಿ ಇತ್ತು. ಅಷ್ಟರಲ್ಲಿ ಅಮೀನರ ಹೆಂಡತಿ ಇಬ್ಬರಿಗಾಗುವಷ್ಟು ಬುತ್ತಿ ಕಟ್ಟತೊಡಗಿದ್ದರು, ವೀಸಾ ಸಾಲಿನಲ್ಲಿ ನಿಲ್ಲುವವರಿಗೆ ಆದೇಶ ಬಾಯಿಪಾಠವಾಗಿತ್ತು. ಕಚೇರಿಯಲ್ಲಿ ನಾವು ನಕ್ಕೆವು. ನಾನಂತೂ ಅವರ ಎದುರೇ ಕೆಂಪು ಶಾಯಿಯ ಸೀಸೆ ಅಲ್ಲಾಡಿಸಿ ನೋಡಿದೆ.

ಹನ್ನೆರಡನೆಯ ದಿನ ಒಳಗಿನಿಂದ ಅಧಿಕಾರಿಯೊಬ್ಬರು ಗೆರೆಯವರೆಗೆ ಬಂದರು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರು. ನಾನೂ ಅಲ್ಲಿದ್ದೆ. ತಮಾಷೆ ನೋಡಲೆಂದೇ ಹೋಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

“ಯಂತ್ರವನ್ನು ಈಕೆಗೆ ಕೊಡಲು ಸಿದ್ಧರಿದ್ದೇವೆ, ನಮ್ಮ ಔದಾರ್ಯದಿಂದ,” ಎಂದರು. “ಆದರೆ ನಿಮ್ಮ ಆದೇಶ ಜಾರಿಯಾಯಿತೆಂದು ದಾಖಲಾಗಕೂಡದು. ದಾಖಲಾದರೆ ನಮ್ಮ ದೇಶ ನಿಮ್ಮ ನ್ಯಾಯಾಲಯಕ್ಕೆ ತಲೆಬಾಗಿದಂತಾಗುತ್ತದೆ.”

“ಜಾರಿಯಾಗಿಲ್ಲ ಅಂತ ಬರೆದ್ರೆ?”

“ಈಗಲೇ ತರಿಸುತ್ತೇನೆ.”

ಅಮೀನರು ಕಿಟಕಿಯತ್ತ ನೋಡಿದರು. ಹೊಲಿಗೆಯಾಕೆಯ ಬೆರಳುಗಳನ್ನು ನೋಡಿದರು. ಸೂಜಿ ಚುಚ್ಚಿ ಚುಚ್ಚಿ ತುದಿಗಳು ದಡ್ಡುಗಟ್ಟಿದ್ದವು. ನಿವೃತ್ತಿಗೆ ನಾಲ್ಕು ದಿನವಿತ್ತು. ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದರು: ‘ಆದೇಶ ಜಾರಿಯಾಗಿಲ್ಲ.’ ರುಜು ಹಾಕಿ ಅಧಿಕಾರಿಯತ್ತ ಚಾಚಿದರು.

ಅಧಿಕಾರಿ ಎರಡು ಸಲ ಓದಿದರು. ಇಬ್ಬರು ಕಾವಲುಗಾರರು ಯಂತ್ರವನ್ನು ಹೊತ್ತು ತಂದು ಗೆರೆಯ ಮೇಲೆಯೇ ಇಳಿಸಿದರು, ಎರಡು ಕಾಲು ಆಚೆ, ಎರಡು ಕಾಲು ಈಚೆ. ಅಮೀನರು ಮುಟ್ಟಲಿಲ್ಲ. ಮುಟ್ಟಿದರೆ ಜಾರಿಯಾದಂತೆ. ಅವಳೇ ಈಚೆಗೆ ಎಳೆದುಕೊಂಡಳು.

ಆ ಸಂಜೆ ರಿಜಿಸ್ಟರಿನಲ್ಲಿ ಕೆಂಪು ಸಾಲು ಬರೆದೆ. ಶಾಯಿ ಗಟ್ಟಿಯಾಗಿಬಿಟ್ಟಿತ್ತು, ನೀರು ಬೆರೆಸಬೇಕಾಯಿತು.

ಬೀಳ್ಕೊಡುಗೆಯಲ್ಲಿ ನಮ್ಮ ಮೇಲಧಿಕಾರಿ ರಿಜಿಸ್ಟರು ಎತ್ತಿ ತೋರಿಸಿ, “ಮೂವತ್ತೊಂದು ವರ್ಷಕ್ಕೆ ಒಂದೇ ಒಂದು ವೈಫಲ್ಯ!” ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಿಂದ ಹೊಲಿಗೆಯಾಕೆ ಎದ್ದಳು.

“ಅದು ಹಾಗಲ್ಲ ಸ್ವಾಮಿ, ಇವರು...”

“ಕೂತ್ಕೊಳ್ಳಮ್ಮ,” ಎಂದರು ಅಮೀನರು. “ಕೇಸಿನ ವಿಷಯ ಇಲ್ಲಿ ಮಾತಾಡಬಾರದು.”

ಅವಳು ಕೂತು ಅತ್ತಳು. ಸೀಸೆ ಅಲ್ಲಾಡಿಸಿದ್ದು ನೆನಪಾಗಿ ನನಗೆ ನಾಚಿಕೆಯಾಯಿತು. ಮೆಟ್ಟಿಲಿಳಿಯುವಾಗ ಅವರ ಹಾರ ಹಿಡಿದುಕೊಂಡು ಕೇಳಿದೆ, “ಅಮೀನ್ರೇ, ಬೇಜಾರಿಲ್ವಾ?”

“ಇದೆ ಕಣಯ್ಯಾ, ಸುಳ್ಳು ಯಾಕೆ ಹೇಳ್ಲಿ,” ಎಂದರು. “ಮಿಷನ್ನು ಓಡ್ತಾ ಇದೆಯಂತೆ. ಎರಡು ಹನಿ ಎಣ್ಣೆ ಹಾಕಿದ್ಲಂತೆ, ಅಷ್ಟೇ.”