ಚಪ್ಪಲಿ ಹುಡುಕದ ಪ್ರಾರ್ಥನೆ

ಬೆಳಕು ಇನ್ನೂ ಕಿಟಕಿಗೆ ಬಂದಿಲ್ಲ. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಇದೇ ಸಭೆಯವನಾದ ನಾನು ಮೂಲೆಯ ಬೆಂಚಿನಲ್ಲಿ ನೋಡುತ್ತ ಕುಳಿತಿದ್ದೇನೆ. ಎದುರುಬದುರು ಹಾಕಿದ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ, ಮಾಸಿದ ಸ್ವೆಟರು ತೊಟ್ಟ ಹಿರಿಯರೊಬ್ಬರು ಹೆಂಡತಿಯನ್ನು ಕಳೆದುಕೊಂಡವರಂತೆ ತಲೆ ತಗ್ಗಿಸಿ ಕುಳಿತಿದ್ದಾರೆ. ಅವರ ಹೆಂಡತಿಯೋ, ಪಕ್ಕದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ.

ಬಾಗಿಲು ತಟ್ಟಿ ಒಬ್ಬ ಹೆಣ್ಣುಮಗಳು ಒಳಗೆ ಬರುತ್ತಾಳೆ. ಹೊಲಿಗೆ ಅಂಗಡಿಯಲ್ಲಿ ದುಡಿಯುವವಳು. ಎದುರಿನ ಕುರ್ಚಿಯಲ್ಲಿ ಕೂರುತ್ತಾಳೆ. ಹಿರಿಯರು ಮಾತನಾಡುವುದಿಲ್ಲ. ಆಕೆ ಬೆರಳು ಹಿಸುಕಿಕೊಳ್ಳುತ್ತಾಳೆ, ಗೋಡೆ ನೋಡುತ್ತಾಳೆ, ಕೊನೆಗೆ ತಡೆಯಲಾರದೆ, "ಪ್ರಾರ್ಥನೆ ಮಾಡೋಣ್ವಾ?" ಎನ್ನುತ್ತಾಳೆ.

ಹಿರಿಯರು ತಲೆ ಎತ್ತುತ್ತಾರೆ. "ಅದು ಪ್ರಾರ್ಥನೆ ಅಲ್ಲಮ್ಮ, ಎದ್ದು ಹೊರಡೋಕೆ ಚಪ್ಪಲಿ ಹುಡುಕೋ ಮಾತು. ಹೊರಗೆ ಹೋಗಿ ಇನ್ನೊಂದ್ ಸಲ ಬಾ."

ಇಷ್ಟನ್ನೂ ಅವರು ಪಿಸುದನಿಯಲ್ಲೇ ಹೇಳುತ್ತಾರೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಉಳಿದಿರುವ ಧ್ವನಿ ಅಷ್ಟೇ. ಚರ್ಚಿನ ಸಭೆಯವರು ಪ್ರೀತಿಯಿಂದ ಇಟ್ಟ ಹೆಸರು ಪಿಸುಮಾತಿನ ಅಯ್ಯನವರು. ಒಂದು ಕಾಲಕ್ಕೆ ಮೈಕು ಇಲ್ಲದೆ ರಸ್ತೆಯಾಚೆಗೂ ಕೇಳುವಂತೆ ಉಪದೇಶ ಮಾಡುತ್ತಿದ್ದವರು. ಧ್ವನಿ ಹೋದ ಮೇಲೆ ಉಪದೇಶಪೀಠವೂ ಹೋಯಿತು, ಸಭಾಪಾಲಕರ ಮನೆಯೂ ಹೋಯಿತು. ಉಳಿದದ್ದು ಈ ಕೋಣೆ, ಇದಕ್ಕೆ ಅಂಟಿಕೊಂಡ ಅಡುಗೆಮನೆ.

"ಮದುವೆಯಾದಾಗಿಂದ ಇವರೇ ಮಾತಾಡಿದ್ರು. ಈಗ ನನ್ನ ಸರದಿ," ಎಂದು ಒಳಗಿನಿಂದ ಅವರ ಹೆಂಡತಿ ನಗುತ್ತಾರೆ.

ಸಭೆಯನ್ನು ನಡೆಸಬೇಕಾದವರನ್ನು ತಯಾರು ಮಾಡುವುದು ಈಗ ಅಯ್ಯನವರ ಕೆಲಸ. ವ್ಯಾನ್ ಓಡಿಸುವವರು, ಶಾಲೆಯ ಗುಮಾಸ್ತೆ, ಈ ಹೊಲಿಗೆಯವಳು, ಹೀಗೆ ಹಗಲು ಹೊಟ್ಟೆಪಾಡಿಗೆ ಹೋಗುವವರು ಬೆಳಗಾಗುವ ಮೊದಲೇ ಇಲ್ಲಿಗೆ ಬರುತ್ತಾರೆ. ವಾಕ್ಯ ಓದುವುದು, ಜಗಳವಾಡಿದ ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸುವುದು, ಆಸ್ಪತ್ರೆಯಲ್ಲಿ ಹೇಗಿರಬೇಕೆಂಬುದು, ಎಲ್ಲವನ್ನೂ ಕಲಿಸುತ್ತಾರೆ. ಸಾವಿನ ಮನೆಯಲ್ಲಿ ಸುಮ್ಮನೆ ಕೂರುವ ಈ ಎರಡು ಕುರ್ಚಿಯ ಪಾಠ ಮಾತ್ರ ಕೊನೆಗೆ. ಹೆಚ್ಚಿನವರು ತಪ್ಪುವುದು ಅಲ್ಲಿಯೇ.

ನಮ್ಮಲ್ಲಿ ಭೇಟಿ ಮುಗಿಯುವುದು ಪ್ರಾರ್ಥನೆಯಿಂದ. ಆಮೆನ್ ಎಂದರೆ ಎದ್ದು ಹೊರಡಬಹುದು. ಹಾಗಾಗಿ ಸಾವಿನ ಮನೆಯ ಮೌನ ತಡೆಯಲಾಗದವನಿಗೆ ಪ್ರಾರ್ಥನೆಯೇ ಹಿತ್ತಿಲ ಬಾಗಿಲಾಗುತ್ತದೆ. ಮನೆಯವಳು ತೀರಿಕೊಂಡ ಮೇಲೆ ನನ್ನ ಮನೆಗೂ 'ಪ್ರಾರ್ಥನೆ ಮಾಡೋಣ್ವಾ' ಎಂಬ ಆ ಮಾತನ್ನು ಹಲವರು ತಂದರು. ಒಳ್ಳೆಯ ಮನಸ್ಸಿನಿಂದಲೇ ತಂದರು.

"ಧ್ವನಿ ಇದ್ದಾಗ ನಾನೂ ಹಾಗೇ ಓಡಿ ಬರ್ತಿದ್ದೆ," ಎನ್ನುತ್ತಾರೆ ಅಯ್ಯನವರು. "ಗಂಟಲು ಹೋದ್ಮೇಲೆ ಒಂದ್ ಸಾವಿನ ಮನೆಗೆ ಹೋದೆ. ಹೇಳೋಕೆ ಏನೂ ಆಗಲ್ಲ, ಸುಮ್ನೆ ಕೂತೆ. ಆ ತಾಯಿ ಮಗನ ಬಗ್ಗೆ ಸಂಜೆವರೆಗೂ ಮಾತಾಡಿದ್ರು. ಅಷ್ಟು ವರ್ಷ ನಾನು ಯಾರಿಗೂ ಬಾಯಿ ಬಿಡೋಕೆ ಜಾಗಾನೇ ಕೊಟ್ಟಿರಲಿಲ್ಲ ಅಂತ ಆಗ ಗೊತ್ತಾಯ್ತು."

ಹೊಲಿಗೆಯವಳು ಇಂದು ಮೊದಲ ಬಾರಿಗೆ ಒಬ್ಬಳೇ ಹೋಗಬೇಕಾಗಿದೆ. ಹೋಗಬೇಕಾದದ್ದು ಗಡಿಯಾರ ರಿಪೇರಿ ಮಾಡುವವರ ಮನೆಗೆ. ಅವರ ಹೆಂಡತಿ ತೀರಿಕೊಂಡಾಗ ಸಭೆಯಿಂದ ಬಂದವರು ಕುರ್ಚಿ ಬೆಚ್ಚಗಾಗುವ ಮೊದಲೇ ಪ್ರಾರ್ಥಿಸಿ ಎದ್ದರಂತೆ. ಅಂದಿನಿಂದ ಅವರು ಮಂದಿರಕ್ಕೆ ಬಂದಿಲ್ಲ. ಇನ್ನೊಬ್ಬರನ್ನು ಕಳಿಸಲೇ ಎಂದು ಅಯ್ಯನವರು ಕೇಳಿದಾಗ ಆ ಗಡಿಯಾರದವರು ಹೇಳಿಕಳಿಸಿದ್ದು ಇಷ್ಟೇ: "ಇದೊಂದ್ ಸಲ ಬರ್ಲಿ. ಇವರೂ ಹಾಗೇ ಎದ್ದು ಹೋದ್ರೆ ಇನ್ಯಾರೂ ಬರೋದು ಬೇಡ."

"ನನ್ನಿಂದ ಆಗಲ್ಲ ಅಯ್ಯನವರೇ. ಸುಮ್ನೆ ಕೂತ್ರೆ ನನಗೆ ಕೈಯೆಲ್ಲಾ ತುರಿಸುತ್ತೆ."

"ತುರಿಸ್ಕೋ. ಎದ್ದೇಳಬೇಡ."

ಆಕೆ ಹೊರಟ ಮೇಲೆ ಅಯ್ಯನವರಿಗೆ ಕಾಲು ನಿಲ್ಲುವುದಿಲ್ಲ. ಬಾಗಿಲಿಗೆ ಹೋಗುತ್ತಾರೆ, ಬರುತ್ತಾರೆ. "ಕೂತ್ಕೊಳ್ಳೋದು ಊರಿಗೆಲ್ಲಾ ಕಲಿಸ್ತಾರೆ, ತಾವೊಬ್ರು ಬಿಟ್ಟು," ಎಂದು ಹೆಂಡತಿ ಗದರುತ್ತಾರೆ.

ಬಿಸಿಲು ಏರಿದ ಮೇಲೆ ಆಕೆ ಹಿಂದಿರುಗುತ್ತಾಳೆ.

"ಪ್ರಾರ್ಥನೆ ಆಯ್ತೇನಮ್ಮ?" ಎನ್ನುತ್ತಾರೆ ಅಯ್ಯನವರ ಹೆಂಡತಿ, ನಮಗೆಲ್ಲ ಅಮ್ಮ.

"ಇಲ್ಲಮ್ಮ." ನೀರು ಕುಡಿದು ಆಕೆ ಹೇಳುತ್ತಾಳೆ: "ಗೋಡೆ ತುಂಬಾ ಗಡಿಯಾರ. ಎಲ್ಲಾ ಟಿಕ್ ಟಿಕ್ ಅಂತಾವೆ, ಮನುಷ್ಯರು ಮಾತ್ರ ಮಾತಾಡಲ್ಲ. ಪ್ರಾರ್ಥನೆ ಮಾಡೋಣ್ವಾ ಅಂತ ಎರಡು ಸಲ ಬಾಯಿಗೆ ಬಂತು, ನುಂಗ್ಕೊಂಡೆ. ಆಮೇಲೆ ಅವರು ಒಂದು ಚಿಕ್ಕ ವಾಚ್ ಬಿಚ್ಚಿದ್ರು. ಕೈ ನಡುಗ್ತಿತ್ತು. ಸ್ವಲ್ಪ ಹಿಡ್ಕೋತೀರಾ ಅಂದ್ರು. ಸೂಜಿ ಹಿಡಿಯೋ ಕೈ ಅಲ್ವಾ, ಗಟ್ಟಿಯಾಗಿ ಹಿಡ್ಕೊಂಡೆ. ಇದು ಅವಳದು ಅಂದ್ರು. ಆಮೇಲೆ ಮಾತು ನಿಲ್ಲಲೇ ಇಲ್ಲ."

"ಹೊರಟಾಗ?" ಅಯ್ಯನವರ ತುಟಿ ಮಾತ್ರ ಅಲುಗುತ್ತದೆ.

"ಪ್ರಾರ್ಥನೆ ಮಾಡಲ್ವಾ ಅಂತ ಅವರೇ ಚುಚ್ಚಿದ್ರು. ಎದ್ದು ಹೋಗೋಕೆ ಅದನ್ನ ಬಳಸಲ್ಲ, ಹೋಗಿ ಬರ್ತೀನಿ ಅಂದೆ. ಬಾಗಿಲವರೆಗೂ ಬಂದು, 'ಹೋಗಿ ಬರ್ತೀನಿ ಅಂದಿದ್ದೀರಿ. ಬರಬೇಕು ಮತ್ತೆ' ಅಂದ್ರು."

ಅಯ್ಯನವರು ಎದುರಿನ ಕುರ್ಚಿ ತೋರಿಸುತ್ತಾರೆ. ಆಕೆ ಕೂರುತ್ತಾಳೆ. ಈ ಬಾರಿ ಆಕೆಯ ಬೆರಳುಗಳು ಮಡಿಲಲ್ಲಿ ಸುಮ್ಮನಿವೆ.

ಅಮ್ಮ ಒಳಗೆ ಹೋದ ಮೇಲೆ, ಅಯ್ಯನವರಿಗೆ ಇನ್ನೇನು ಆಸೆ ಎಂದು ಕೇಳುತ್ತೇನೆ. ಅವರು ಕೈಸನ್ನೆ ಮಾಡಿ ನಮ್ಮಿಬ್ಬರನ್ನೂ ಹತ್ತಿರಕ್ಕೆ ಕರೆಯುತ್ತಾರೆ. ನಾವು ಬಾಗುತ್ತೇವೆ.

"ನಾನಿಲ್ಲದ ದಿನ ಒಳಗಿರೋ ಇವಳ ಹತ್ತಿರ ಬಂದು ಕೂರೋರು ಒಬ್ಬರು ಬೇಕಿತ್ತು." ಅವರ ಕಣ್ಣು ಹೊಲಿಗೆಯವಳ ಕಡೆಗೆ ತಿರುಗುತ್ತದೆ. "ಸಿಕ್ಕಿದ್ರು."

"ಏನಂತೆ?" ಅಡುಗೆಮನೆಯಿಂದ ಅಮ್ಮನ ಧ್ವನಿ.

ಹೊಲಿಗೆಯವಳು ಕಣ್ಣೊರೆಸಿಕೊಳ್ಳುತ್ತಾಳೆ. "ಏನಿಲ್ಲಮ್ಮ. ಟೀ ಬೇಕಂತೆ."